ಹಗ್ಗದ ರೈಲಿನಲ್ಲಿ ಸೀಟು ಹಿಡಿದದ್ದು

ದೊರೆಸ್ವಾಮಿಯವರ ಕೈ ಹಿಡಿದು ಚೂಡಾಮಣಿ ಆ ಮನೆಗೆ ಸೊಸೆಯಾಗಿ ಬಂದದ್ದೇನೋ ಹೌದು. ಆದರೆ ಆ ಮನೆಯವರು ಅವಳನ್ನು ಮುಖ್ಯವಾಗಿ ಬಳಸಿಕೊಂಡದ್ದು ಸೀಟು ಹಿಡಿಯುವುದಕ್ಕೆ. ಮದುವೆಯಾದ ಹೊಸತರಲ್ಲಿ ಒಂದು ದಿನ ನ್ಯಾಷನಲ್ ಕಾಲೇಜಿನ ಸ್ಟಾಪಿನಲ್ಲಿ, ಇನ್ನೂ ನಿಲ್ಲದ ಬಸ್ಸಿನ ಕಿಟಕಿಯೊಳಗೆ ಅವಳು ಕರ್ಚೀಫು ಎಸೆದು ಇಡೀ ಸಂಸಾರಕ್ಕೆ ಸೀಟು ಮಾಡಿಕೊಟ್ಟುಬಿಟ್ಟಳು. ಅದೇ ಅವಳು ಮಾಡಿದ ತಪ್ಪು. ಅಂದಿನಿಂದ ಬಸ್ಸಿರಲಿ, ಸಿನಿಮಾ ಇರಲಿ, ಮದುವೆ ಮನೆಯ ಮೊದಲ ಪಂಕ್ತಿ ಇರಲಿ, "ಚೂಡಾ, ಓಡು, ಹಿಡಿ" ಎಂಬ ಮೂರು ಮಾತಿನಲ್ಲಿ ಅವಳ ಬದುಕು ನಡೆಯಿತು.

ಚಾಮರಾಜಪೇಟೆಯ ರಾಮೋತ್ಸವದ ಕಛೇರಿಗಳಿಗಂತೂ ಬಿಸಿಲು ಇಳಿಯುವ ಮೊದಲೇ ಅವಳನ್ನು ಅಟ್ಟುತ್ತಿದ್ದರು. ಅವಳು ಹೋಗಿ ಒಂದು ಕುರ್ಚಿಗೆ ಕರ್ಚೀಫು, ಒಂದಕ್ಕೆ ಶಾಲು, ಇನ್ನೊಂದಕ್ಕೆ ಕೈಚೀಲ ಹಾಕಿ, ಬಂದವರ ಹತ್ತಿರವೆಲ್ಲ "ಆಳು ಬರ್ತಾರೆ" ಎಂದು ಜಗಳ ಕಾಯುತ್ತ ಕೂರಬೇಕು. ಮನೆಯವರು ಸ್ನಾನ ಮಾಡಿ, ಪೌಡರು ಬಳಿದುಕೊಂಡು, ಎಲೆಯಡಿಕೆ ಹಾಕಿಕೊಂಡು, ಕಛೇರಿ ಶುರುವಾಗುವ ಹೊತ್ತಿಗೆ ರಾಜಗಾಂಭೀರ್ಯದಿಂದ ಬಂದು ಕೂರುತ್ತಿದ್ದರು. ಆಗ ಹೇಗೋ ಒಬ್ಬರು ಹೆಚ್ಚಾಗಿಯೇ ಇರುತ್ತಿದ್ದರು. "ನೀನು ಅಲ್ಲಿ ಕಂಬದ ಹತ್ರ ಹೋಗ್ಬಿಡೇ, ಅಡ್ಜಸ್ಟ್ ಮಾಡ್ಕೋ" ಎನ್ನುತ್ತಿದ್ದರು ದೊರೆಸ್ವಾಮಿ. ಹೀಗಾಗಿ ಚೂಡಾಮಣಿ ಎಷ್ಟೋ ಮಂದಿ ದೊಡ್ಡ ವಿದ್ವಾಂಸರ ಹಾಡು ಕೇಳಿದ್ದಾಳೆ. ಒಬ್ಬರ ಮುಖವನ್ನೂ ನೋಡಿಲ್ಲ.

ಬಾಯಲ್ಲಿ ಅವಳು ಏನೂ ಅನ್ನುತ್ತಿರಲಿಲ್ಲ. ಮನಸ್ಸಿನಲ್ಲಿ ಮಾತ್ರ ಒಬ್ಬರನ್ನೂ ಬಿಡುತ್ತಿರಲಿಲ್ಲ. ಗಂಡ ಪೇಪರು ಮಡಿಸುವ ಠೀವಿಯಿಂದ ಹಿಡಿದು ಅತ್ತಿಗೆ ಕೆಮ್ಮುವ ಧಾಟಿಯವರೆಗೆ ಎಲ್ಲವನ್ನೂ ನೋಡಿ, ತೂಗಿ, ಮೂಗು ಮುರಿದು, ಕಾಫಿ ತಂದಿಡುತ್ತಿದ್ದಳು.

ಎರಡು ಸಾವಿರದ ಒಂದರಲ್ಲಿ ಬ್ಯಾಂಕಿನವರೆಲ್ಲ ಸಾಲುಗಟ್ಟಿ ವಿಆರ್‌ಎಸ್ ತೆಗೆದುಕೊಂಡರಲ್ಲ, ದೊರೆಸ್ವಾಮಿಯವರೂ ತೆಗೆದುಕೊಂಡರು. ಅವರು ಹೋದದ್ದು ಬ್ಯಾಂಕಿಗೆ ಗೊತ್ತಾಯಿತೋ ಇಲ್ಲವೋ, ಮನೆಗೆ ಬಂದದ್ದು ಮಾತ್ರ ಚೂಡಾಮಣಿಗೆ ಮೊದಲ ದಿನವೇ ಗೊತ್ತಾಯಿತು. ಸಾರಿಗೆ ಉಪ್ಪು ಎಷ್ಟು, ಗ್ಯಾಸು ಎಷ್ಟು ಉರಿಯಬೇಕು ಎಂದು ಹಿಂದೆ ಹಿಂದೆಯೇ ತಿರುಗಿದರು. ಅದೂ ಬೇಸರವಾದಾಗ, ಬಸವನಗುಡಿಯ ಅರ್ಧ ವಿಆರ್‌ಎಸ್ ಮಂದಿ ಹೊರಟಂತೆ ತಾವೂ ಯುರೋಪ್ ಟೂರಿಗೆ ಹೊರಟರು.

ಗಾಂಧಿ ಬಜಾರಿನಲ್ಲಿ ಒಂದು ಸೀರೆ ಅಂಗಡಿಯ ಮೇಲೆ ಆ ಟೂರಿನವರ ಆಫೀಸು. "ನಮ್ಮದೇ ಅಡುಗೆಯವರು, ಈರುಳ್ಳಿ ಬೆಳ್ಳುಳ್ಳಿ ಬೇಡವೆಂದರೆ ಹಾಕುವುದಿಲ್ಲ" ಎನ್ನುವುದೇ ಅವರ ಯುರೋಪಿನ ಮುಖ್ಯ ಆಕರ್ಷಣೆ. ಅಲ್ಲಿ ಕೊಟ್ಟ ಬಣ್ಣದ ಪುಸ್ತಕವನ್ನು ದೊರೆಸ್ವಾಮಿ ಹಿಂದಿನಿಂದ ಮುಂದಕ್ಕೆ ಓದುತ್ತಿದ್ದಾಗ, ಚೂಡಾಮಣಿಯ ಕಣ್ಣು ಒಂದು ಚಿತ್ರದ ಮೇಲೆ ನಿಂತಿತು. ಸ್ವಿಟ್ಜರ್ಲೆಂಡಿನ ಯಾವುದೋ ಬೆಟ್ಟದ ಕಡಿದಾದ ಮೈಮೇಲೆ ಒಂದು ಪುಟ್ಟ ಕೆಂಪು ರೈಲು ಮೇಲೆ ಹತ್ತುತ್ತಿತ್ತು. ಮರದ ಗಾಡಿ, ಹಿತ್ತಾಳೆಯ ಹಿಡಿಗಳು. ನೂರು ವರ್ಷ ದಾಟಿದ ರೈಲಂತೆ. ಎಲ್ಲಕ್ಕಿಂತ ಮುಂದೆ, ದೊಡ್ಡ ಕಿಟಕಿಯ ಪಕ್ಕ, ಒಂದು ಹೆಂಗಸು ಒಬ್ಬಳೇ ಕೂತು ಹೊರಗೆ ನೋಡುತ್ತಿದ್ದಳು.

ಚೂಡಾಮಣಿಗೆ ಆ ಸೀಟು ಬೇಕು ಅನ್ನಿಸಿತು. ಯಾವ ಒಡವೆಯೂ ಬೇಕು ಅಂತ ಎಂದೂ ಅನ್ನಿಸಿರದಷ್ಟು ಜೋರಾಗಿ ಅನ್ನಿಸಿತು.

"ಏನೂಂದ್ರೆ, ಈ ರೈಲಲ್ಲಿ ಮುಂದಿನ ಕಿಟಕಿ ನಂದು. ಈಗ್ಲೇ ಹೇಳಿಬಿಟ್ಟಿದೀನಿ."

"ಅಯ್ಯೋ, ಇಟ್ಕೋ ಮಹರಾಯ್ತಿ. ಕಿಟಕಿ ಏನು, ಇಡೀ ರೈಲೇ ನಿಂದು" ಅಂದರು ದೊರೆಸ್ವಾಮಿ. ಕೊಡುವ ಹೊತ್ತು ದೂರವಿದ್ದಾಗ ಅವರಷ್ಟು ಧಾರಾಳಿ ಇಡೀ ಬಸವನಗುಡಿಯಲ್ಲೇ ಇರಲಿಲ್ಲ.

ತಮ್ಮ ಹೊರಟ ಮೇಲೆ ಅಕ್ಕ ಬಿಟ್ಟಾಳೆಯೇ? ದೊರೆಸ್ವಾಮಿಯವರ ಅಕ್ಕ, ಚೂಡಾಮಣಿಯ ಅತ್ತಿಗೆ ವಿಶಾಲಾಕ್ಷಮ್ಮನೂ ಹೊರಟರು, ಉಪ್ಪಿನಕಾಯಿ, ಚಟ್ನಿಪುಡಿ, ಮಂಡಿನೋವಿನ ಎಣ್ಣೆ ಸಮೇತ. ಬಸ್ಸಿನಲ್ಲಿ ಕಿಟಕಿ ಇಲ್ಲದಿದ್ದರೆ ಅವರಿಗೆ ವಾಂತಿ. ಆದ್ದರಿಂದ ಯುರೋಪಿನುದ್ದಕ್ಕೂ ಕಿಟಕಿ ಅವರದೇ ಆಯಿತು. ಆ ಕಿಟಕಿಗೆ ತಲೆ ಆನಿಸಿ ಅವರು ಫ್ರಾನ್ಸ್ ಪೂರ್ತಿ ನಿದ್ದೆ ಮಾಡಿದರು. ಚೂಡಾಮಣಿಗೆ ವಾಂತಿಯಾಗುತ್ತಿರಲಿಲ್ಲವಾದ್ದರಿಂದ ಅವಳು ಮುಂದಿನ ಸೀಟಿನವರ ಬೋಳು ತಲೆ ನೋಡುತ್ತ ಕೂತಳು. ಆರೋಗ್ಯವಾಗಿರುವುದಕ್ಕೂ ದಂಡ ಕಟ್ಟಬೇಕು ಎಂದು ಆಗ ಅವಳಿಗೆ ಗೊತ್ತಾಯಿತು.

ಉಳಿದ ತಂಡವೂ ಹೇಳಿ ಮಾಡಿಸಿದಂತಿತ್ತು. ಯಾವ ಬೆಟ್ಟ ಕಂಡರೂ "ಇದೇನ್ ಮಹಾ, ನಮ್ಮ ನಂದಿ ಬೆಟ್ಟ ಇಲ್ವೇ" ಅನ್ನುವವರೊಬ್ಬರು. ಯಾವ ನದಿ ಕಂಡರೂ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು, ನದಿಗೆ ಬೆನ್ನು ಹಾಕಿ, ಮೊಸರನ್ನ ಎಷ್ಟು ಹೊತ್ತಿಗೆ ಎಂದು ಕೇಳುವವರು ಉಳಿದೆಲ್ಲರೂ. ಇಷ್ಟು ದೂರ ಬಂದು ಇವರು ನೋಡಿದ್ದೇನು ಅಂದರೆ ಒಬ್ಬರನ್ನೊಬ್ಬರು, ಎಂದುಕೊಂಡಳು ಚೂಡಾಮಣಿ. ಅದನ್ನು ಡಿವಿಜಿ ರಸ್ತೆಯಲ್ಲೇ ನೋಡಬಹುದಿತ್ತು.

ಕೊನೆಗೂ ಆ ಬೆಟ್ಟದ ಬುಡಕ್ಕೆ ಬಂದರು. ಟೂರಿನ ಮ್ಯಾನೇಜರು ಮುನಿರಾಜ್ ಮತ್ತಿಕೆರೆಯ ಹುಡುಗ, ಚುರುಕಾದವನು. ಒಬ್ಬೊಬ್ಬರ ಕೊರಳಿಗೂ ಒಂದು ಟಿಕೆಟು ನೇತುಹಾಕಿದ. "ಇದು ಇಡೀ ದಿನದ ಟಿಕೆಟು, ಎಷ್ಟು ಸಲ ಬೇಕಾದ್ರೂ ಹತ್ತಿ ಇಳೀಬಹುದು. ಬಾವಿ ರಾಟೆ ಗೊತ್ತಲ್ಲ ಸಾರ್? ಹಗ್ಗದ ಈ ತುದೀಲೊಂದು ಕೊಡ, ಆ ತುದೀಲೊಂದು ಕೊಡ. ಒಂದು ಮೇಲೆ ಹೋದ್ರೆ ಇನ್ನೊಂದು ಕೆಳಗೆ ಬರತ್ತೆ. ಇದೂ ಹಂಗೇ. ಎರಡೇ ಗಾಡಿ. ಮಧ್ಯದಲ್ಲಿ ಒಂದನ್ನೊಂದು ದಾಟ್ಕೊಂಡು ಹೋಗ್ತವೆ."

"ಹಗ್ಗ ಕಿತ್ತೋದ್ರೆ?" ಎಂದರು ವಿಶಾಲಾಕ್ಷಮ್ಮ.

"ನೂರು ವರ್ಷದಿಂದ ಕಿತ್ತೋಗಿಲ್ಲ ಅಮ್ಮಾ."

"ಹಾಗಾದ್ರೆ ಹಳೇ ಹಗ್ಗ ಅಂತಾಯ್ತು" ಎಂದು ಅವರು ತಮ್ಮನ ಕೈ ಹಿಡಿದುಕೊಂಡರು. ಆಮೇಲೆ ಬಾತ್‌ರೂಮು ಎಲ್ಲಿ ಎಂದರು. ದೊರೆಸ್ವಾಮಿ ಅಕ್ಕನನ್ನು ಕರೆದುಕೊಂಡು ಹೊರಟವರು ತಿರುಗಿ, ಜೇಬಿನಿಂದ ಕರ್ಚೀಫು ತೆಗೆದು ಹೆಂಡತಿಯ ಕೈಯಲ್ಲಿಟ್ಟು, "ಚೂಡಾ, ಓಡು, ಹಿಡಿ" ಅಂದರು.

ಚೂಡಾಮಣಿ ಓಡಿದಳು. ಗಾಡಿ ಮೆಟ್ಟಿಲಿನ ಹಾಗೆ ಒಂದರ ಮೇಲೊಂದು ಖಾನೆಯಾಗಿ ನಿಂತಿತ್ತು. ಎಲ್ಲಕ್ಕಿಂತ ಮೇಲಿನ ಖಾನೆಗೆ ನುಗ್ಗಿ, ಎದುರಿಗಿದ್ದ ಬೆಂಚಿನ ಮೇಲೆ ಗಂಡನ ಕರ್ಚೀಫು, ತನ್ನ ಶಾಲು, ಅತ್ತಿಗೆಯ ಮಂಕಿ ಕ್ಯಾಪು ಹಾಸಿ, ಕಿಟಕಿಯ ಪಕ್ಕ ತಾನು ಕೂತಳು. ಆ ಬೆಂಚು ಪುಸ್ತಕದಲ್ಲಿದ್ದದ್ದೇ, ಆ ಕಿಟಕಿಯೂ ಅದೇ. ಇವತ್ತು ಬ್ರಹ್ಮ ಬಂದರೂ ಏಳುವುದಿಲ್ಲ ಎಂದು ಮನಸ್ಸಿನಲ್ಲೇ ಹೇಳಿಕೊಂಡಳು. ಬಿಳಿಯರು ಬಂದರು, ಕರ್ಚೀಫು ನೋಡಿದರು, ಇವಳ ಮುಖ ನೋಡಿದರು. "ಆಳು ಬರ್ತಾರೆ" ಎಂದು ಚೂಡಾಮಣಿ ಅಚ್ಚಗನ್ನಡದಲ್ಲಿ ಹೇಳಿದಳು. ಅವರು ಏನು ತಿಳಿದುಕೊಂಡರೋ, ಮರ್ಯಾದೆಯಿಂದ ನಿಂತುಕೊಂಡರು.

ಗಂಟೆ ಬಾರಿಸಿತು. ಬಾಗಿಲು ಮುಚ್ಚಿತು. ಗಾಡಿ ಮೆಲ್ಲಗೆ ಹೊರಟಿತು.

"ಹೋಲ್ಡಾನ್! ಹೋಲ್ಡಾನ್!" ಎಂದು ಚೂಡಾಮಣಿ ಕಿರುಚಿ, ಕಿಟಕಿಯ ಕೆಳಗಿನ ಹಲಗೆಯನ್ನು ಅಂಗೈಯಿಂದ ದಬದಬ ಬಡಿದಳು. ನಮ್ಮ ಬಸ್ಸಾಗಿದ್ದರೆ ಡ್ರೈವರು ಬೈದುಕೊಂಡಾದರೂ ನಿಲ್ಲಿಸುತ್ತಿದ್ದ. ಟೋಪಿ ಹಾಕಿದ ಗಾರ್ಡು ತಿರುಗಿ ನೋಡಿ, ಖುಷಿಗೆ ತಾಳ ಹಾಕುತ್ತಿದ್ದಾಳೆಂದುಕೊಂಡು, ನಕ್ಕು ತಲೆಯಾಡಿಸಿದ. ಕೆಳಗೆ ಪ್ಲಾಟ್‌ಫಾರಮ್ಮಿನ ಮೆಟ್ಟಿಲ ಮೇಲೆ ದೊರೆಸ್ವಾಮಿ ಕೈ ಬೀಸುತ್ತ ಓಡಿಬರುತ್ತಿದ್ದರು.

"ಇಳಿಯೇ! ಇಳಿ! ಬೇಡ, ಮೇಲೇ ಇರು! ಅಲ್ಲೇ ಇರು! ಲೇ, ವಾಪಸ್ ಬಂದ್ಬಿಡೇ!"

ಚೂಡಾಮಣಿ ಕತ್ತು ತಿರುಗಿಸಿ ಅವರನ್ನೇ ನೋಡುತ್ತ ಹೋದಳು. ಅವರು ಬೊಂಬೆಯಷ್ಟಾಗಿ, ಕಡ್ಡಿಯಷ್ಟಾಗಿ, ಇಲ್ಲವಾದ ಮೇಲೂ ಅತ್ತಲೇ ನೋಡುತ್ತಿದ್ದಳು. ಮುಂದೆ ಏನಿದೆ, ಪಕ್ಕ ಏನಿದೆ, ಒಂದೂ ತಲೆಗೆ ಹೋಗಲಿಲ್ಲ. ನಿಂತಿದ್ದ ಮುದುಕಿಯೊಬ್ಬಳು ಕರ್ಚೀಫಿನ ಕಡೆ ಬೆರಳು ತೋರಿಸಿ ಹುಬ್ಬೇರಿಸಿದಾಗ ಅವಳಿಗೆ ನಾಚಿಕೆಯಾಯಿತು. ಕರ್ಚೀಫು, ಶಾಲು, ಮಂಕಿ ಕ್ಯಾಪು ಎಲ್ಲವನ್ನೂ ಬಾಚಿ ಮಡಿಲಲ್ಲಿಟ್ಟುಕೊಂಡಳು. ಕೂತವರಲ್ಲಿ ಒಬ್ಬರಾದರೂ "ಸ್ವಲ್ಪ ಸರೀರಿ" ಅನ್ನಲಿಲ್ಲ. ಯಾರಿಗೂ ಅವಳ ಕಿಟಕಿ ಬೇಕಾಗಿರಲಿಲ್ಲ. ಅವಳೇ ನೋಡುತ್ತಿರಲಿಲ್ಲ ಅಷ್ಟೆ.

ಮೇಲಿನ ಸ್ಟೇಷನ್ನಿನಲ್ಲಿ ಇಳಿದು ನಿಂತು ಯೋಚಿಸಿದಳು. ಇಲ್ಲೇ ಇದ್ದರೆ, ವಾಪಸ್ ಬಾ ಅನ್ನಲಿಲ್ಲವೇ ಎಂದು ಬೈಯುತ್ತಾರೆ. ವಾಪಸ್ ಹೋದರೆ, ಅಲ್ಲೇ ಇರು ಅನ್ನಲಿಲ್ಲವೇ ಎಂದು ಬೈಯುತ್ತಾರೆ. ಎರಡೂ ಕಡೆ ಬೈಗುಳ ಖಾತ್ರಿ ಇರುವಾಗ ಹೋಗುವುದೇ ವಾಸಿ ಎಂದು ಅದೇ ಗಾಡಿ ಹತ್ತಿದಳು. ಈ ಸಲ ಜನ ತುಂಬಿದ್ದರು. ಕಂಬಿ ಹಿಡಿದು ನಿಂತಳು.

ಅರ್ಧ ದಾರಿಯಲ್ಲಿ ಎದುರಿನ ಗಾಡಿ ಬಂತು. ಮುಂದಿನ ಖಾನೆಯಲ್ಲಿ, ಅಂಥದೇ ಕಿಟಕಿಯ ಪಕ್ಕ, ವಿಶಾಲಾಕ್ಷಮ್ಮ ಕಣ್ಣು ಮುಚ್ಚಿಕೊಂಡು ದೇವರ ನಾಮ ಹೇಳುತ್ತ ಕೂತಿದ್ದರು. ಅವರ ಪಕ್ಕದಲ್ಲಿ ದೊರೆಸ್ವಾಮಿ.

"ಅಕ್ಕಾ, ನೋಡಿಲ್ಲಿ, ಇಳೀತಾ ಇದಾಳೆ! ಲೇ! ಅಲ್ಲೇ ಇರು ಅಂದ್ರೆ..."

"ವಾಪಸ್ ಬಾ ಅಂದ್ರಲ್ಲ!" ಎಂದಳು ಚೂಡಾಮಣಿ. ಮಾತು ಮುಗಿಯುವ ಮೊದಲೇ ಅವರು ಮೇಲೆ, ಇವಳು ಕೆಳಗೆ. ಮೂವತ್ತು ವರ್ಷದ ದಾಂಪತ್ಯದಲ್ಲಿ ಅವಳು ಎದುರುತ್ತರ ಕೊಟ್ಟು, ಅವರು ತಿರುಗಿ ಬೈಯಲಾಗದೆ ಹೋದದ್ದು ಅದೇ ಮೊದಲು. ಹಿತವಾಗಿತ್ತು.

ಕೆಳಗಿನ ಸ್ಟೇಷನ್ನಿನಲ್ಲಿ ಮುನಿರಾಜ್ ತಲೆ ಮೇಲೆ ಕೈ ಹೊತ್ತು ನಿಂತಿದ್ದ.

"ಮೇಡಂ, ನೀವು ಇಲ್ಲಿ! ಸಾರ್ ಮೇಲೆ! ಈಗ ನಿಮ್ಮನ್ನ ಹುಡ್ಕೊಂಡು ಅವರು ಇಳೀತಾರೆ. ನೀವು ಎಲ್ಲೂ ಹೋಗ್ಬೇಡಿ. ಈ ರೈಲಲ್ಲಿ ಇಬ್ರೂ ಓಡಾಡಿದ್ರೆ ಸಾಯೋವರೆಗೂ ಭೇಟಿ ಆಗಲ್ಲ. ಯಾರಾದ್ರೂ ಒಬ್ರು ಒಂದು ಕಡೆ ಕೂತ್ಕೋಬೇಕು."

"ಯಾರು ಕೂತ್ಕೋಬೇಕು?"

"ಇನ್ಯಾರು ಮೇಡಂ, ನೀವೇ. ಅಲ್ಲಿ ಬೆಂಚಿದೆ ನೋಡಿ."

ಚೂಡಾಮಣಿ ಬೆಂಚು ನೋಡಿದಳು. ಚೊಕ್ಕಟವಾದ ಬೆಂಚು, ಗೋಡೆಗೆ ಮುಖ ಮಾಡಿತ್ತು. ಅವಳಿಗೆ ಸಿಟ್ಟು ಬಂತು. ಈ ಹುಡುಗನ ಮೇಲಲ್ಲ, ಅವನೇನು ಮಾಡಿಯಾನು ಪಾಪ. ಅತ್ತಿಗೆಯ ಮುಚ್ಚಿದ ಕಣ್ಣಿನ ಮೇಲೆ ಬಂತು. ಆ ಕಿಟಕಿಗಾಗಿ ಸಮುದ್ರ ದಾಟಿ ಬಂದು, ಒಂದು ಸಲ ಗಂಡನನ್ನು ನೋಡುತ್ತ ಹತ್ತಿ, ಒಂದು ಸಲ ಕಂಬಿಗೆ ಜೋತುಬಿದ್ದು ಇಳಿದು, ಈಗ ಗೋಡೆ ನೋಡುತ್ತ ಕೂತರೆ, ನಾಳೆ ಬಸವನಗುಡಿಯಲ್ಲಿ ಯಾರಾದರೂ ಏನು ನೋಡಿದಿರಿ ಎಂದರೆ ಏನು ಹೇಳುವುದು? ಮತ್ತೆ ಇನ್ನೊಮ್ಮೆ ಯಾವ ಜನ್ಮದಲ್ಲಿ ಬರುವುದು?

ನಿಂತಿದ್ದ ಗಾಡಿಯ ಮೇಲಿನ ಖಾನೆ ಇನ್ನೂ ಖಾಲಿ ಇತ್ತು.

"ನೋಡಪ್ಪ ಮುನಿರಾಜ್, ನಾನು ಮದುವೆಯಾದಾಗ್ಲಿಂದ ಕೂತೇ ಇದೀನಿ. ಸಾರ್ ಬಂದ್ರೆ ಹೇಳು, ಈ ಸಲ ಅವರು ಕೂತ್ಕೊಳ್ಳಲಿ."

"ಮೇಡಂ! ಮೇಡಂ, ಸಾರ್ ನನ್ನ ಬೈತಾರೆ!"

"ಬೈತಾರೆ. ಅಭ್ಯಾಸ ಆಗತ್ತೆ" ಎಂದು ಚೂಡಾಮಣಿ ಮೆಟ್ಟಿಲು ಹತ್ತಿ ಹೋಗಿ ಮುಂದಿನ ಕಿಟಕಿಯ ಪಕ್ಕ ಕೂತಳು. ಶಾಲು ಹೊದ್ದಳು. ಕರ್ಚೀಫನ್ನೂ ಮಂಕಿ ಕ್ಯಾಪನ್ನೂ ಚೀಲದಲ್ಲಿ ತುರುಕಿದಳು. ಪಕ್ಕದಲ್ಲಿ ಯಾರು ಬೇಕಾದರೂ ಕೂರಲಿ ಎಂದು ಬಿಟ್ಟಳು.

ಗಂಟೆ ಬಾರಿಸಿತು. ಹಲಗೆ ಬಡಿಯುವವರು ಯಾರೂ ಇರಲಿಲ್ಲ. ಗಾಡಿ ಊರಿನ ಹೆಂಚಿನ ಮನೆಗಳ ನಡುವಿನಿಂದ ಮೇಲೆದ್ದಿತು. ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸೊಬ್ಬಳು ತಲೆಯೆತ್ತಿ ಕೂಡ ನೋಡಲಿಲ್ಲ, ದಿನಾ ನೋಡಿ ನೋಡಿ ಸಾಕಾಗಿರಬೇಕು. ಆಮೇಲೆ ಹುಲ್ಲಿನ ಇಳಿಜಾರು, ಕೊರಳಿಗೆ ಗಂಟೆ ಕಟ್ಟಿದ ದನ, ಆಮೇಲೆ ಕಪ್ಪು ಹಸಿರಿನ ಮರಗಳು. ಮರಗಳು ಮುಗಿದದ್ದೇ ಕೆರೆ ಕಂಡಿತು. ಅದನ್ನು ಕೆರೆ ಅನ್ನಬೇಕೋ ಏನನ್ನಬೇಕೋ, ನೀರು ಅಷ್ಟು ನೀಲಿ ಇರುವುದನ್ನು ಅವಳು ಎಲ್ಲೂ ನೋಡಿರಲಿಲ್ಲ. ಅದರಾಚೆ ಹಿಮದ ಬೆಟ್ಟಗಳು, ಒಂದರ ಹಿಂದೆ ಒಂದು. ನಂದಿ ಬೆಟ್ಟದ ಹಾಗೆ ಒಂದು ಚೂರೂ ಇರಲಿಲ್ಲ. ಚೂಡಾಮಣಿಗೆ ಸಂತೋಷವಾಯಿತು. ಎಷ್ಟು ಸಂತೋಷವಾಯಿತೆಂದರೆ ಕಣ್ಣಲ್ಲಿ ನೀರು ಬಂತು, ಅದರಿಂದ ಬೆಟ್ಟ ಮಸುಕಾದದ್ದಕ್ಕೆ ಸಿಟ್ಟೂ ಬಂತು. ಸೆರಗಿನಿಂದ ಬೇಗ ಬೇಗ ಒರೆಸಿಕೊಂಡಳು.

ಮಧ್ಯದಲ್ಲಿ ಇನ್ನೊಂದು ಗಾಡಿ ಇಳಿದು ಬಂತು. ಅದರಲ್ಲಿ ದೊರೆಸ್ವಾಮಿ ಗಾಜಿಗೆ ಮೂಗು ಒತ್ತಿಕೊಂಡು ನಿಂತಿದ್ದರು. ಹೆಂಡತಿಯನ್ನು ಕಂಡು ಅವರ ಬಾಯಿ ತೆರೆದು ಮುಚ್ಚಿತು, ತೆರೆದು ಮುಚ್ಚಿತು. ಏನಂದರೋ ಕೇಳಿಸಲಿಲ್ಲ. ಕೇಳಿಸಬೇಕಾಗಿಯೂ ಇರಲಿಲ್ಲ. ಚೂಡಾಮಣಿ ಒಂದೇ ಒಂದು ಸಲ ಅತ್ತ ನೋಡಿ, ಆ ಮುಖವನ್ನು ಊರಲ್ಲೂ ನೋಡಬಹುದೆಂದು, ಮತ್ತೆ ಬೆಟ್ಟದ ಕಡೆ ತಿರುಗಿದಳು.

ಮೇಲೆ ಅವಳು ಸಾವಕಾಶವಾಗಿ ಸುತ್ತಾಡಿದಳು. ಒಬ್ಬ ಬಿಳಿಯ ಮುದುಕ ಜಾಗ ಬಿಟ್ಟುಕೊಟ್ಟ ಕಲ್ಲಿನ ಮೇಲೆ ಕೂತು, ಚೀಲದಲ್ಲಿದ್ದ ಕೋಡುಬಳೆ ತಿಂದಳು, ಅವನಿಗೂ ಒಂದು ಕೊಟ್ಟಳು. ಅವನಿಗೆ ಖಾರವಾಯಿತು. ಮನಸ್ಸು ತುಂಬಿದ ಮೇಲೆ ಗಾಡಿ ಹತ್ತಿ ಇಳಿದಳು.

ಕೆಳಗೆ ದೊರೆಸ್ವಾಮಿ ಕೂತಿದ್ದರು. ಅದೇ ಬೆಂಚು, ಅದೇ ಗೋಡೆ. ಮುನಿರಾಜ್ ಕೂರಿಸಿದ್ದನಂತೆ, ಎದ್ದರೆ ಮತ್ತೆ ತಪ್ಪಿಸಿಕೊಳ್ಳುತ್ತೀರಿ ಎಂದು. ಟೋಪಿ ಓರೆಯಾಗಿತ್ತು, ಮುಖ ಬಾಡಿತ್ತು. ಚೂಡಾಮಣಿಯ ಕಾಲು ನಿಂತದ್ದು ಅದಕ್ಕಲ್ಲ. ಅವರ ಪಕ್ಕದಲ್ಲಿ, ಬೆಂಚಿನ ಮೇಲೆ, ಅವರ ಮಫ್ಲರು ನೀಟಾಗಿ ಹಾಸಿತ್ತು. ಸೀಟು ಹಿಡಿದಿದ್ದರು. ಆ ಮನುಷ್ಯ ತಮ್ಮ ಜೀವಮಾನದಲ್ಲಿ ಮೊದಲ ಸಲ ತಮ್ಮ ಕೈಯಾರೆ ಒಂದು ಸೀಟು ಹಿಡಿದು ಕಾಯುತ್ತಿದ್ದರು. ಅಷ್ಟು ಹೊತ್ತು ಅವರನ್ನು ಮನಸ್ಸಿನಲ್ಲೇ ಹುರಿದು ತಿಂದದ್ದಕ್ಕೆ ಅವಳಿಗೆ ಸಂಕಟವಾಯಿತು. ಹತ್ತಿರ ಹೋಗಿ ಮಫ್ಲರು ಎತ್ತಿ ಕೂರಲು ಹೊರಟಳು.

"ಏಯ್ ಏಯ್, ಕೂರ್ಬೇಡ! ಅದು ಅಕ್ಕನ ಜಾಗ. ಬಾತ್‌ರೂಮಿಗೆ ಹೋಗಿದಾಳೆ, ಈಗ ಬರ್ತಾಳೆ. ನೀನು ಸ್ವಲ್ಪ ಆ ಕಡೆ ನಿಂತ್ಕೋ. ಎಲ್ಲಿ ಹಾಳಾಗಿ ಹೋಗಿದ್ಯೇ? ಬುದ್ಧಿ ಇಲ್ವೇ ನಿಂಗೆ?"

ಚೂಡಾಮಣಿ ನಕ್ಕಳು. ಸ್ಟೇಷನ್ನಿಗೆ ಕೇಳುವಷ್ಟು ಜೋರಾಗಿ ನಕ್ಕಳು. ಗಾಬರಿಗೆ ತಲೆ ಕೆಟ್ಟಿದೆ ಎಂದು ದೊರೆಸ್ವಾಮಿ ಮುನಿರಾಜನಿಗೆ ನೀರು ತರಲು ಹೇಳಿದರು.

ಊರಿಗೆ ಬಂದ ಮೇಲೆ ಫೋಟೋ ಆಲ್ಬಮ್ಮು ಹಿಡಿದುಕೊಂಡು ದೊರೆಸ್ವಾಮಿ ಬಂದವರಿಗೆಲ್ಲ ಆ ಕತೆ ಹೇಳಿದರು, ದಿನಕ್ಕೊಂದಿಷ್ಟು ಉಪ್ಪು ಖಾರ ಹಚ್ಚಿ. ಇವಳು ಬೆಟ್ಟದಲ್ಲಿ ಕಳೆದುಹೋದದ್ದು, ಭಾಷೆ ಬಾರದೆ ಅತ್ತದ್ದು, ತಾವು ಮೇಲೆ ಕೆಳಗೆ ಓಡಾಡಿ ಪತ್ತೆಹಚ್ಚಿದ್ದು. "ಒಂದು ಸೀಟ್ ಹಿಡಿ ಅಂತ ಕಳಿಸಿದ್ರೆ ರೈಲನ್ನೇ ಹಿಡ್ಕೊಂಡು ಹೋಗ್ಬಿಟ್ಟಳು ಕಣ್ರೀ!" ಬಂದವರು ನಗುತ್ತಿದ್ದರು. ವಿಶಾಲಾಕ್ಷಮ್ಮ ತಾವು ಕಣ್ಣು ಮುಚ್ಚಿ ನೋಡಿದ ಹಿಮದ ಬೆಟ್ಟಗಳನ್ನು ವರ್ಣಿಸುತ್ತಿದ್ದರು. ಚೂಡಾಮಣಿ ಕಾಫಿ ತಂದಿಡುತ್ತಿದ್ದಳು. ಹೇಳಿಕೊಳ್ಳಲಿ, ಕೆರೆ ನನ್ನ ಹತ್ತಿರ ಇದೆಯಲ್ಲ ಅಂದುಕೊಳ್ಳುತ್ತಿದ್ದಳು.

ಮುಂದಿನ ರಾಮೋತ್ಸವ ಬಂತು. ಬಿಸಿಲು ಇನ್ನೂ ಅಂಗಳದಲ್ಲಿರುವಾಗಲೇ ದೊರೆಸ್ವಾಮಿ ಇಸ್ತ್ರಿ ಮಾಡಿದ ಕರ್ಚೀಫು ತಂದು ಅವಳ ಕೈಯಲ್ಲಿಟ್ಟರು. "ಚೂಡಾ, ಓಡು, ಹಿಡಿ. ಅಕ್ಕನೂ ಬರ್ತಾಳೆ."

ಅವಳು ಓಡಲಿಲ್ಲ, ನಡೆದೇ ಹೋದಳು. ಮೊದಲ ಸಾಲಿನಲ್ಲಿ, ವೇದಿಕೆಯ ನೇರಕ್ಕೆ, ಒಂದು ಕುರ್ಚಿಯಲ್ಲಿ ಕೂತಳು. ಬಂದವರು "ಇಲ್ಲಿ ಯಾರಾದ್ರೂ ಬರ್ತಾರಾ?" ಎಂದು ಕೇಳಿದಾಗಲೆಲ್ಲ "ಇಲ್ಲ, ಕೂತ್ಕೊಳ್ಳಿ" ಅಂದಳು. ಹೀಗೆ ಹೇಳುವುದು ಎಷ್ಟು ಸುಲಭ ಎಂದು ಆಶ್ಚರ್ಯವಾಯಿತು. ಚಪ್ಪರ ತುಂಬಿತು. ತಂಬೂರಿ ಶ್ರುತಿ ಹಿಡಿಯುವ ಹೊತ್ತಿಗೆ ದೊರೆಸ್ವಾಮಿ ಅಕ್ಕನ ಕೈ ಹಿಡಿದು, ಎಲೆಯಡಿಕೆ ಜಗಿಯುತ್ತ ಬಂದರು. ಸಾಲಿನ ಈ ತುದಿಯಿಂದ ಆ ತುದಿಗೆ ನೋಡಿದರು.

"ನಮ್ಮ ಸೀಟೆಲ್ಲೇ?"

ಚೂಡಾಮಣಿ ಚೀಲದಿಂದ ಕರ್ಚೀಫು ತೆಗೆದು ಅವರ ಕೈಯಲ್ಲಿಟ್ಟಳು. ಅದರ ಇಸ್ತ್ರಿಯ ಮಡಿಕೆ ಕೂಡ ಬಿಚ್ಚಿರಲಿಲ್ಲ.

"ಹಿಂದೆ ಕಂಬದ ಹತ್ರ ಖಾಲಿ ಇದೆ, ಹೋಗಿ ಅಡ್ಜಸ್ಟ್ ಮಾಡ್ಕೊಳ್ಳಿ. ಹಾಡು ಚೆನ್ನಾಗಿ ಕೇಳ್ಸತ್ತೆ. ಮುಖ ಕಾಣ್ಸಲ್ಲ ಅಷ್ಟೆ."